ಹಳೆಯ ದನಿಗೊಂದು ಪೆನ್‌ಡ್ರೈವ್

ಇವತ್ತು ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಲ್ಯಾಪ್‌ಟಾಪ್ ತೆರೆದರೆ ಪರದೆಯ ನಟ್ಟನಡುವೆ ಒಂದು ನೀಲಿ ಚೌಕ ಬಂದು ಕೂತಿತ್ತು. ನಿಮ್ಮ ಕಂಪ್ಯೂಟರನ್ನು ಹೊಸದು ಮಾಡಲು ಎಲ್ಲ ಸಿದ್ಧವಾಗಿದೆ ಎಂದು ಅದರ ವರದಿ. ನಾನು ಕೇಳಿರಲಿಲ್ಲ. ಕೆಳಗೆ ಎರಡು ಗುಂಡಿ, ಒಂದು ‘ಈಗಲೇ’, ಇನ್ನೊಂದು ‘ಆಮೇಲೆ’. ‘ಬೇಡ’ ಎನ್ನುವ ಗುಂಡಿ ಎಲ್ಲೂ ಇಲ್ಲ. ಕನ್ನಡಕ ಒರೆಸಿಕೊಂಡು ಮೂಲೆ ಮೂಲೆ ಹುಡುಕಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು ನಾನು, ಎಂಥೆಂಥ ತರಲೆ ಮಕ್ಕಳನ್ನೂ ಕಂಡವಳು. ಯಾರಿಗೂ ‘ಇಲ್ಲ’ ಎನ್ನುವ ದಾರಿಯನ್ನೇ ಮುಚ್ಚಿ ಪ್ರಶ್ನೆ ಕೇಳಿದ್ದಿಲ್ಲ. ಮೇಜಿನ ಮೇಲೆ ಕೈ ಬಡಿದೆ. ಕಾಫಿ ಚೆಲ್ಲಿತು. “ಬಿ.ಪಿ. ಮಾತ್ರೆ ತಗೊಂಡ್ಯಾ?” ಎಂದು ನಮ್ಮ ಮನೆಯವರು ಪೇಪರಿನ ಹಿಂದಿನಿಂದ ಕೇಳಿದರು. ದಾವಣಗೆರೆಯ ಎಸ್.ಎಸ್. ಬಡಾವಣೆಯ ನಮ್ಮ ಬೀದಿಯಲ್ಲಿ ನನ್ನ ಮಾತು ಮೂಲೆಮನೆಯವರೆಗೂ ಕೇಳುತ್ತದೆ ಎಂಬುದು ಅವರ ಹಳೆಯ ದೂರು.

ಒಂದು ಗುಂಡಿಗೆ ಇಷ್ಟೊಂದು ಸಿಟ್ಟೇ ಎಂದು ನೀವೂ ಕೇಳಬಹುದು. ಆ ಗುಂಡಿಯ ಮೇಲಿನ ಸಿಟ್ಟಲ್ಲ ಇದು. ಹೋದ ವರ್ಷದ್ದು ಇನ್ನೂ ಒಳಗೆ ಉಳಿದಿದೆ. ಅದನ್ನು ಹೇಳಬೇಕಾದರೆ ಅನ್ನಪೂರ್ಣಕ್ಕನನ್ನು ನಿಮಗೆ ಪರಿಚಯ ಮಾಡಿಸಬೇಕು.

ನಮ್ಮ ಮನೆಯವರು ಹರಿಹರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ನಾವು ಅಲ್ಲೇ ಕ್ವಾರ್ಟರ್ಸಿನಲ್ಲಿದ್ದೆವು. ಅನ್ನಪೂರ್ಣಕ್ಕ ಆ ಕಾರ್ಖಾನೆಯ ಟೆಲಿಫೋನ್ ಆಪರೇಟರ್. ಹುಟ್ಟಿದಾಗಿನಿಂದ ಕಣ್ಣು ಕಾಣದು. ಹೊರಗಿನಿಂದ ಬಂದ ಪ್ರತಿಯೊಂದು ಕರೆಯೂ ಮೊದಲು ಅವಳ ಕಿವಿಗೆ ಬಿದ್ದು, ಆಮೇಲೆ ಯಂತ್ರಗಳ ಶಾಪಿಗೋ ಸ್ಟೋರಿಗೋ ಸಾಹೇಬರ ಕೋಣೆಗೋ ಹೋಗಬೇಕು. ನಾನು ಅವಳನ್ನು ಮೊದಲು ಕಂಡಿದ್ದಲ್ಲ, ಕೇಳಿದ್ದು. ನಮ್ಮವರು ಊಟದ ಡಬ್ಬಿ ಮರೆತು ಹೋದ ದಿನ ಪಕ್ಕದ ಮನೆಯಿಂದ ಫೋನ್ ಮಾಡಿದ್ದೆ. “ಯಾರ್ ಬೇಕ್ರಿ? ಲಗೂನ ಹೇಳ್ರಿ, ನಿಮ್ಮ ಹಿಂದೆ ಜನ ಕಾಯ್ತಾ ಅದಾರೆ” ಎಂದಳು. ನಾನು ಡಬ್ಬಿಯ ಕಥೆಯನ್ನು ಬುಡದಿಂದ ಶುರುಮಾಡಿದೆ. ಲೈನು ಕಟ್ ಆಯಿತು. ಮತ್ತೆ ಮಾಡಿದೆ, ಮತ್ತೆ ಕಟ್ ಮಾಡಿದಳು. ಹಾಗೆ ಶುರುವಾದದ್ದು ನಮ್ಮ ಸ್ನೇಹ. ಅಂದಿನಿಂದ ಇಂದಿನವರೆಗೆ ನನ್ನನ್ನು ಕೆಣಕದೆ ಅವಳು ಒಂದು ದಿನವೂ ಮಾತು ಮುಗಿಸಿದ್ದಿಲ್ಲ. ನನ್ನ ಚಹಾ ಕಷಾಯ, ನನ್ನ ಮಂಡಕ್ಕಿ ಒಗ್ಗರಣೆ ಸೀದದ್ದು, ನನ್ನ ಪಾಠ ಕೇಳಿದ ಮಕ್ಕಳ ಪಾಡು ದೇವರಿಗೇ ಪ್ರೀತಿ.

ಫೋನುಗಳು ತಾವೇ ನಂಬರು ಹುಡುಕಿಕೊಳ್ಳುವ ಕಾಲ ಬಂದು ಎಕ್ಸ್‌ಚೇಂಜು ಮುಚ್ಚಿತು. ಅನ್ನಪೂರ್ಣಕ್ಕ ಸ್ವಯಂ ನಿವೃತ್ತಿ ಪಡೆದು ಹರಿಹರದಲ್ಲೇ ಇದ್ದ ತಮ್ಮನ ಮನೆಗೆ ಬಂದಳು. ಬಂದವಳೇ ಒಂದು ಕಂಪ್ಯೂಟರ್ ಕೊಂಡಳು, ಅದರ ಜೊತೆಗೆ ಕನ್ನಡ ಓದಿ ಹೇಳುವ ಒಂದು ತಂತ್ರಾಂಶ. ಆಗೆಲ್ಲ ಅದು ಅಪರೂಪ. ಯಂತ್ರದ ಬೆನ್ನಿಗೆ ಒಂದು ಅಗಲವಾದ ಬೀಗದಂಥ ತುಂಡು ಸಿಕ್ಕಿಸಿದರೆ ಮಾತ್ರ ಅದು ಬಾಯಿ ಬಿಡುತ್ತಿತ್ತು. ಅದರದ್ದು ಗಂಡಸಿನ ದನಿ, ಮೂಗಿನಲ್ಲಿ ಮಾತು, ಏರಿಲ್ಲ ಇಳಿವಿಲ್ಲ, ಪೂರ್ಣವಿರಾಮ ಬಂದರೆ ‘ಪೂರ್ಣವಿರಾಮ’ ಎಂದೇ ಓದುತ್ತಿತ್ತು. ಮದುವೆಯಾಗದ ಅನ್ನಪೂರ್ಣಕ್ಕ ಆ ದನಿಗೆ ಯಜಮಾನರು ಎಂದು ಹೆಸರಿಟ್ಟಳು. “ನಮ್ಮ ಯಜಮಾನ್ರು ಭಾಳ ಒಳ್ಳೇರು. ಓದು ಅಂದ್ರೆ ಓದ್ತಾರೆ, ಸಾಕು ಅಂದ್ರೆ ಸುಮ್ನಾಗ್ತಾರೆ” ಎನ್ನುತ್ತಿದ್ದಳು.

ಯಜಮಾನರನ್ನು ಎದುರಿಗೆ ಕೂರಿಸಿಕೊಂಡು ಅವಳು ಒಂದು ಪುಸ್ತಕ ಬರೆಯತೊಡಗಿದಳು. ಅದರಲ್ಲಿ ಮುಖಗಳಿಲ್ಲ, ದನಿಗಳಿವೆ. ಎಕ್ಸ್‌ಚೇಂಜಿನಲ್ಲಿ ಅವಳ ಕಿವಿಗೆ ಬಿದ್ದ ಒಬ್ಬೊಬ್ಬರಿಗೂ ಒಂದೊಂದು ಪುಟ. ಸುಳ್ಳು ಹೇಳುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದ ಸ್ಟೋರಿನ ಸಾಹೇಬರು. ಗಂಡನಿಗೆ ಕೊಡಿ ಎಂದು ಸಾರಥಿ ಎಂಬ ಹಳ್ಳಿಯಿಂದ ಕರೆ ಮಾಡಿ, ಗಂಡ ಬಂದ ಮೇಲೆ ಏನೂ ಮಾತಾಡದೆ ಬರೀ ಉಸಿರಾಡುತ್ತಿದ್ದ ಒಬ್ಬ ಹೆಂಗಸು. ಕಡರನಾಯಕನಹಳ್ಳಿಯ ಒಬ್ಬ ರೈತ, ಟೆಲಿಫೋನ್ ದೂರದ ವಸ್ತುವಾದ್ದರಿಂದ ಕೂಗಿಯೇ ಮಾತಾಡಬೇಕೆಂದು ನಂಬಿದ್ದವನು. ನನಗೆ ಆಗೊಮ್ಮೆ ಈಗೊಮ್ಮೆ ಒಂದು ಪುಟ ಕೇಳಿಸುತ್ತಿದ್ದಳು. ಕಣ್ಣಿರುವ ನಾವು ಮನುಷ್ಯರನ್ನು ಎಷ್ಟು ಸೋಮಾರಿಗಳಾಗಿ ನೋಡುತ್ತೇವೆ ಎಂದು ಅನ್ನಿಸುವಂತೆ ಬರೆದಿದ್ದಳು. ಅದು ಮುಗಿಯಬೇಕು, ಅಚ್ಚಾಗಬೇಕು ಎಂಬುದು ಅವಳ ಬದುಕಿನ ಒಂದೇ ಹಟ.

ಇಂಥ ಹೊತ್ತಿನಲ್ಲಿ ದಾವಣಗೆರೆಯ ಒಂದು ಸೇವಾ ಸಮಿತಿಗೆ ಅವಳನ್ನು ಉದ್ಧಾರ ಮಾಡುವ ಮನಸ್ಸಾಯಿತು.

ಸನ್ಮಾನವೆಂದರೆ ನಮ್ಮಲ್ಲಿ ಹೇಗೆ ನಡೆಯುತ್ತದೆ ಎಂದು ನಿಮಗೆ ಗೊತ್ತೇ ಇದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಕಿನಲ್ಲಿ ಕರ್ರೆನ್ನುವ ಶಬ್ದ. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಅಧ್ಯಕ್ಷರು ಮಾತಾಡಿದ್ದೇ ಮಾತಾಡಿದ್ದು, ಅದರಲ್ಲಿ ‘ಪಾಪ’ ಎಂಬ ಮಾತು ಎಷ್ಟು ಸಲ ಬಂತೋ. ಫೋಟೋ ತೆಗೆಯುವಾಗ ಅನ್ನಪೂರ್ಣಕ್ಕನ ಮುಖ ಬೇರೆ ಕಡೆಗಿತ್ತು. ಈ ಕಡೆ ತಿರುಗಿ ಎಂದು ಬಾಯಲ್ಲಿ ಹೇಳಬಹುದಿತ್ತಲ್ಲ? ಅಧ್ಯಕ್ಷರು ಅವಳ ಗದ್ದವನ್ನು ಎರಡು ಬೆರಳಲ್ಲಿ ಹಿಡಿದು ಕ್ಯಾಮೆರಾದ ಕಡೆಗೆ ತಿರುಗಿಸಿದರು. ಅಂಗಡಿಯಲ್ಲಿ ಗೊಂಬೆಯನ್ನು ಹಾಗೆ ತಿರುಗಿಸುತ್ತಾರೆ. ನನಗೆ ಎದ್ದು ಹೋಗಿ ಆ ಕೈಯನ್ನು ಕಿತ್ತು ಹಾಕಬೇಕೆನ್ನಿಸಿತು. ಈಗಲೂ ಅನ್ನಿಸುತ್ತದೆ.

ಆದರೆ ನಿಜವಾದ ಅನ್ಯಾಯ ಅದೇ ಹೊತ್ತಿಗೆ ಹರಿಹರದಲ್ಲಿ ನಡೆಯುತ್ತಿತ್ತು. ಅವಳಿಗೆ ಅಚ್ಚರಿಯಾಗಲಿ ಎಂದು ಸಮಿತಿಯ ಕಂಪ್ಯೂಟರ್ ಮನುಷ್ಯ ಅವಳಿಲ್ಲದಾಗ ಅವಳ ಕೋಣೆಗೆ ಹೋಗಿ ಹೊಸ ಕಂಪ್ಯೂಟರ್ ಕೂರಿಸಿದ. ಹಳೆಯದರಲ್ಲಿದ್ದ ಕಡತಗಳನ್ನು ಹೊಸದಕ್ಕೆ ತುಂಬಿಸಿ, ಹಳೆಯದನ್ನು ಪೂರಾ ಒರೆಸಿ ಸ್ವಚ್ಛ ಮಾಡಿದ. ಅದನ್ನು ಗುಜರಿಗೆ ಒಯ್ಯಲೂ ಹೊರಟಿದ್ದ. ಅನ್ನಪೂರ್ಣಕ್ಕನ ತಮ್ಮನ ಹೆಂಡತಿ ಶಕುಂತಲಾ ಅಡ್ಡ ನಿಂತಳು. “ವರ್ಷಾ ವರ್ಷಾ ಆಯುಧಪೂಜೆ ಮಾಡಿಸ್ಕಂಡಿರೋ ಸಾಮಾನು ಅದು. ಹೊಸ್ಲು ದಾಟಿಸ್ಬ್ಯಾಡ್ರಿ” ಎಂದು ಅದನ್ನು ಅಟ್ಟಕ್ಕೆ ಏರಿಸಿದಳು. ಶಕುಂತಲಾ ನಮಗೆ ಮಾಡಿದ ದೊಡ್ಡ ಉಪಕಾರ ಅದು. ಅವಳು ಮಾಡಿದ ಇನ್ನೊಂದು ಘನಕಾರ್ಯವೂ ಇದೆ, ಆಮೇಲೆ ಹೇಳುತ್ತೇನೆ.

ಮರುದಿನ ಅನ್ನಪೂರ್ಣಕ್ಕನ ಫೋನು. ಅವಳ ದನಿ ಒಡೆದದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

“ಟೀಚರಮ್ಮಾ, ಯಜಮಾನ್ರು ಹೋದ್ರೇ.”

ಬಸ್ಸು ಹತ್ತಿ ಹರಿಹರಕ್ಕೆ ಓಡಿದೆ. ಹೊಸ ಯಂತ್ರವೂ ಮಾತಾಡುತ್ತಿತ್ತು, ಅದೂ ಹೆಣ್ಣಿನ ನಯವಾದ ದನಿಯಲ್ಲಿ. ಪೇಪರಿನ ಸುದ್ದಿ ಓದುತ್ತಿತ್ತು, ಹವಾಮಾನ ಹೇಳುತ್ತಿತ್ತು. ಅವಳ ಪುಸ್ತಕ ತೆರೆದರೆ ಮಾತ್ರ “ಎಸ್, ಕ್ಯೂ, ಡಾಲರ್, ನಕ್ಷತ್ರ ಚಿಹ್ನೆ, ಎಸ್” ಎಂದು ಪಟಪಟನೆ ಒದರುತ್ತಿತ್ತು. ಹಳೆಯ ತಂತ್ರಾಂಶ ಕನ್ನಡವನ್ನು ತನ್ನದೇ ಸಂಕೇತದಲ್ಲಿ ಬರೆದಿಟ್ಟಿತ್ತು. ಅದನ್ನು ಈಗಿನ ಅಕ್ಷರಕ್ಕೆ ತಿರುಗಿಸುವ ಸಾಧನ ಇದೆಯೇ ಎಂದು ಹುಡುಕಿದ್ದೂ ಆಯಿತು. ಆ ಕಂಪನಿ ಬಾಗಿಲು ಹಾಕಿ ಯಾವ ಕಾಲವಾಗಿತ್ತೋ, ಅದರ ಸಂಕೇತದ ಗುಟ್ಟು ಯಾರಿಗೂ ಗೊತ್ತಿರಲಿಲ್ಲ. ಅನ್ನಪೂರ್ಣಕ್ಕ ಕೀಲಿಮಣೆಯ ಮೇಲೆ ಕೈಯಿಟ್ಟುಕೊಂಡು ಆ “ಡಾಲರ್, ನಕ್ಷತ್ರ ಚಿಹ್ನೆ”ಯನ್ನು ಮತ್ತೆ ಮತ್ತೆ ಕೇಳುತ್ತಿದ್ದಳು, ಎಲ್ಲಾದರೂ ಒಂದು ಕನ್ನಡ ಪದ ಹೊರಬಂದೀತೇ ಎಂದು. ನೋಡಲಾಗಲಿಲ್ಲ.

ಅಧ್ಯಕ್ಷರಿಗೆ ಫೋನ್ ಮಾಡಿದೆ.

“ಫಾಂಟ್ ಪ್ರಾಬ್ಲಂ ಇರ್ಬೇಕು ಮೇಡಂ. ಮತ್ತೆ ಟೈಪ್ ಮಾಡಿಸಿಬಿಡ್ರಿ.”

“ಯಾವುದನ್ನ ನೋಡಿ ಟೈಪ್ ಮಾಡಿಸೋದು? ಓದಕ್ಕೇ ಬರಲ್ಲ ಅಂತಿದೀನಲ್ಲ.”

“ಅವ್ರು ಬಾಯಲ್ಲಿ ಹೇಳ್ಲಿ, ಯಾರಾದ್ರೂ ಬರ್ಕಂತಾರೆ. ಹೊಸಾದು ಕೊಟ್ಟೀವಲ್ರೀ, ಇನ್ನೇನ್ ಮಾಡ್ಬೇಕು?”

ಇನ್ನೇನು ಮಾಡಬೇಕೆಂದು ನಾನು ಹೇಳಿದೆ. ಅದನ್ನು ಇಲ್ಲಿ ಬರೆಯುವಂತಿಲ್ಲ. ವರ್ಷಗಟ್ಟಲೆ ಒಂದೊಂದು ಅಕ್ಷರ ಕುಟ್ಟಿ, ಕೇಳಿ, ಅಳಿಸಿ, ಮತ್ತೆ ಕುಟ್ಟಿದ ಪುಟಗಳವು. ನಿಮ್ಮ ಮನೆಗೆ ಯಾರೋ ನುಗ್ಗಿ, ನೀವು ಬರೆದಿಟ್ಟದ್ದನ್ನೆಲ್ಲ ನಿಮಗೆ ಗೊತ್ತಿಲ್ಲದ ಭಾಷೆಗೆ ತಿರುಗಿಸಿ, ಮೇಲೊಂದು ಶಾಲು ಹೊದಿಸಿ ಹೋದರೆ ನೀವು ಕೃತಜ್ಞರಾಗಿರುತ್ತೀರಾ? ಆ ವಾರವೆಲ್ಲ ಮನೆಯಲ್ಲಿ ಎಲ್ಲರೂ ಅವಳಿಗೆ ಸಮಾಧಾನ ಹೇಳಿದರು. “ಟಿ.ವಿ. ಐತಲ್ಲಕ್ಕಾ, ಕೇಳ್ರಿ” ಎಂದ ತಮ್ಮ. ಅವಳು ಊಟ ಬಿಟ್ಟಳು. ನನ್ನನ್ನು ಕೆಣಕುವುದನ್ನೂ ಬಿಟ್ಟಳು. ನನಗೆ ದಿಗಿಲಾದದ್ದು ಅದಕ್ಕೆ.

ದಾರಿ ಒಂದೇ ಇತ್ತು. ಅಟ್ಟದ ಮೇಲಿನ ಹಳೆಯ ಯಂತ್ರಕ್ಕೆ ಮತ್ತೆ ಅದರ ಹಳೆಯ ಆಪರೇಟಿಂಗ್ ವ್ಯವಸ್ಥೆಯನ್ನೇ ಹಾಕಬೇಕು. ನಿಮಗೂ ನೆನಪಿರಬಹುದು, ಹಸಿರು ದಿಣ್ಣೆ, ನೀಲಿ ಆಕಾಶದ ಚಿತ್ರದೊಂದಿಗೆ ಏಳುತ್ತಿತ್ತಲ್ಲ, ಅದು. ಅದರ ಮೇಲೆ ಯಜಮಾನರನ್ನು ಕೂರಿಸಬೇಕು. ಆ ಬೀಗದ ತುಂಡು ಪುಣ್ಯಕ್ಕೆ ಯಂತ್ರದ ಬೆನ್ನಲ್ಲೇ ಉಳಿದಿತ್ತು. ಅದು ಏನೆಂದು ಸಮಿತಿಯ ಮನುಷ್ಯನಿಗೆ ಗೊತ್ತಿರಲಿಲ್ಲ. ಅಷ್ಟು ಅಗಲದ ಕಿಂಡಿ ಹೊಸ ಯಂತ್ರಗಳಲ್ಲಿ ಇಲ್ಲವೇ ಇಲ್ಲ. ವ್ಯವಸ್ಥೆಯದೊಂದು, ಯಜಮಾನರದೊಂದು, ಎರಡೂ ಸಿಡಿಗಳು ಅನ್ನಪೂರ್ಣಕ್ಕನ ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಹೊಳೆಯುತ್ತ ಕೂತಿದ್ದವು. ಇನ್ನೇನು, ಸಿಡಿ ಹಾಕಿದರಾಯಿತು ಎಂದು ಗುಂಡಿ ಒತ್ತಿದೆ. ಯಂತ್ರ ನರಳಿತು. ಸಿಡಿ ಇಡುವ ತಟ್ಟೆ ಹೊರಗೆ ಬರಲಿಲ್ಲ. ಪಿನ್ನು ಚುಚ್ಚಿ ಎಳೆದಾಗ ತಟ್ಟೆಯ ತುಂಬ ಕುಂಕುಮ, ಅಕ್ಷತೆ, ಒಣಗಿ ಕರಿಕಾದ ಸೇವಂತಿಗೆ.

ಶಕುಂತಲಾ ಸೆರಗಿನ ಅಂಚು ತಿರುಚುತ್ತ ನಿಂತಳು. “ಪೂಜೆ ದಿನ ಕೈ ತಾಗಿ ಅದು ತಾನೇ ಮುಂದೆ ಬಂತ್ರೀ ಟೀಚರ್. ಪ್ರಸಾದಕ್ಕೆ ಕೈ ನೀಡಿದಂಗಿತ್ತು. ಹೂ ಕುಂಕುಮ ಇಟ್ಟೆ. ಒಳಗೆ ಹೋತು. ದೇವ್ರು ತಗಂಡ ಅಂದ್ಕಂಡೆ. ಅವತ್ತಿಂದ ವರ್ಷಾ ಇಡ್ತಿದ್ದೆ.”

ಅವಳಿಗೆ ಬೈಯಲು ಬಾಯಿ ತೆರೆದೆ. ನಗು ಬಂತು. ನಗು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಒಟ್ಟಿನಲ್ಲಿ ಸಿಡಿಯ ದಾರಿ ಮುಚ್ಚಿತ್ತು. ಉಳಿದದ್ದು ಪೆನ್‌ಡ್ರೈವ್.

ದಾವಣಗೆರೆಗೆ ಬಂದವಳು ಪೇಟೆಯ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿ, ಈ ಹಳೆಯ ವ್ಯವಸ್ಥೆಯನ್ನು ಪೆನ್‌ಡ್ರೈವಿಗೆ ಹಾಕಿಕೊಡಿ, ಅದರಿಂದಲೇ ಯಂತ್ರ ಏಳುವ ಹಾಗಿರಬೇಕು ಎಂದೆ. ಅಂಗಡಿಯವನು ಸಿಡಿಯನ್ನು ಬೆಳಕಿಗೆ ಹಿಡಿದು ನಕ್ಕ. “ಕ್ಯಾ ಮೇಡಂ, ಇದು ಮ್ಯೂಜಿಯಂಗೆ ಹಾಕೋ ಮಾಲು. ಬಿಸಾಕ್ರಿ. ಹೊಸಾದು ತಗಳ್ರಿ, ಎಕ್ಸ್‌ಚೇಂಜ್ ಆಫರ್ ಐತೆ.” ಪಕ್ಕದ ಅಂಗಡಿಯವನೂ ಅದನ್ನೇ ಹೇಳಿದ. ‘ಬಿಸಾಕಿ’ ಎಂಬ ಆ ಮಾತು ಕೇಳಿದರೆ ಈಗಲೂ ನನ್ನ ಮೈಯೆಲ್ಲ ಉರಿಯುತ್ತದೆ. ಏನನ್ನು ಬಿಸಾಕುವುದು? ಕೆಟ್ಟಿದ್ದರೆ ಸರಿ. ಅದು ಕೆಟ್ಟಿರಲಿಲ್ಲ. ಅದನ್ನು ಮಾಡಿದವರಿಗೆ, ಮಾರಿದವರಿಗೆ ಅದು ಬೇಸರವಾಗಿತ್ತು, ಅಷ್ಟೇ. ಅವರ ಬೇಸರಕ್ಕೆ ಅನ್ನಪೂರ್ಣಕ್ಕ ಯಾಕೆ ಮೂಗಿಯಾಗಬೇಕು?

ನಾನೇ ಮಾಡುತ್ತೇನೆ ಎಂದು ಮನೆಗೆ ಬಂದು ಕೂತೆ. ನನ್ನ ಲ್ಯಾಪ್‌ಟಾಪಿಗೆ ಸಿಡಿ ನುಂಗುವ ಬಾಯಿ ಇನ್ನೂ ಇತ್ತು. ಸಿಡಿಯಲ್ಲಿರುವುದನ್ನೆಲ್ಲ ಪೆನ್‌ಡ್ರೈವಿಗೆ ಎಳೆದು ಹಾಕಿದರೆ ಮುಗಿಯಿತು ಎಂದು ತಿಳಿದಿದ್ದೆ. ವಿಜ್ಞಾನದ ಟೀಚರ್ ಎಂಬ ಜಂಬ. ಹಾಗೆ ಮಾಡಿಕೊಂಡು ಹರಿಹರಕ್ಕೆ ಹೋದರೆ ಯಂತ್ರ ಪೆನ್‌ಡ್ರೈವನ್ನು ತಿರುಗಿಯೂ ನೋಡಲಿಲ್ಲ. ಕಡತಗಳಿದ್ದರೆ ಸಾಲದು, ವಿದ್ಯುತ್ತು ಹರಿದ ಕೂಡಲೇ ಯಂತ್ರ ಓದಿಕೊಳ್ಳುವ ಒಂದು ಪುಟ್ಟ ಬರಹ ಪೆನ್‌ಡ್ರೈವಿನ ಶುರುವಿನಲ್ಲೇ ಇರಬೇಕಂತೆ. ಅದನ್ನು ಬರೆಯಲು ಬೇರೆ ತಂತ್ರಾಂಶ. ಆ ತಂತ್ರಾಂಶವೋ, ಪೆನ್‌ಡ್ರೈವನ್ನು ಈಗಿನ ರೀತಿಯಲ್ಲಿ ಭಾಗ ಮಾಡಿಟ್ಟಿತು. ಹಳೆಯ ಯಂತ್ರಕ್ಕೆ ಆ ವಿಂಗಡಣೆ ಅರ್ಥವಾಗಲಿಲ್ಲ. ಅಂತರ್ಜಾಲದಲ್ಲಿ ಉಪಾಯ ಕೇಳಿದರೆ ಪ್ರತಿ ಉತ್ತರದ ಕೆಳಗೂ ಒಬ್ಬ ಮಹಾನುಭಾವ ಹಾಜರಿರುತ್ತಿದ್ದ: ಇಷ್ಟು ಹಳೆಯದನ್ನು ಯಾಕೆ ಬಳಸುತ್ತೀರಿ? ಸಿಕ್ಕಿದ್ದರೆ ಅವನ ಕಿವಿ ಹಿಂಡುತ್ತಿದ್ದೆ.

ಕೊನೆಗೆ ಹಳೆಯ ರೀತಿಯ ವಿಂಗಡಣೆಯನ್ನು ಆರಿಸಿ, ಪೆನ್‌ಡ್ರೈವನ್ನು ಒರೆಸಿ, ಶುರುವಿನ ಬರಹ ಬರೆಸಿ, ಯಜಮಾನರ ಸಿಡಿಯನ್ನೂ ಹೊಸ ಯಂತ್ರದಿಂದ ನಕಲು ಮಾಡಿ ತಂದಿದ್ದ ಅವಳ ಪುಟಗಳನ್ನೂ ಇನ್ನೊಂದು ಪೆನ್‌ಡ್ರೈವಿಗೆ ತುಂಬಿಸಿ ಮತ್ತೆ ಹೊರಟೆ. ತುಂಗಭದ್ರೆಯ ಕಡೆಯ ಗಾಳಿಯೂ ಬಿಸಿಯಾಗಿತ್ತು. ಸ್ವಿಚ್ಚು ಒತ್ತುವ ಮೊದಲೇ ಪೆನ್‌ಡ್ರೈವ್ ಸಿಕ್ಕಿಸಿರಬೇಕು ಎಂಬುದು ಅಷ್ಟರಲ್ಲಿ ಗೊತ್ತಾಗಿತ್ತು. ಆಮೇಲೆ ಸಿಕ್ಕಿಸಿದರೆ ಹಳೆಯ ಯಂತ್ರಕ್ಕೆ ಅದು ಕಾಣುವುದಿಲ್ಲ. ಸಿಕ್ಕಿಸಿದೆ. ಒತ್ತಿದೆ. ನೀಲಿ ಪರದೆಯ ಮೇಲೆ ಬಿಳಿ ಅಕ್ಷರ ಮೂಡಿದವು.

“ಏನ್ ಬಂತು?” ಎಂದಳು ಅನ್ನಪೂರ್ಣಕ್ಕ.

“ಬಂತು, ಬಂತು. ಈಗ ಅಸಲಿ ಹೌದೋ ಅಲ್ಲವೋ ಅಂತ ಒಂದು ಸಂಖ್ಯೆ ಕೇಳುತ್ತೆ, ಆ ಉದ್ದದ್ದು. ನೀನು ಟೆಲಿಫೋನ್ ಆಪರೇಟರ್, ನಿನಗೆ ನೆನಪಿದ್ದೇ ಇರುತ್ತೆ. ಹೇಳಕ್ಕಾ.”

“ಯಾಕ? ಕುರುಡರಿಗೆಲ್ಲ ನೆನಪು ಜಾಸ್ತಿ ಅಂತ ಯಾವ್ ಪಾಠದಾಗೆ ಐತೆ? ನಂಗೇನೂ ನೆನಪಿಲ್ಲ. ನಿಂಗ್ ಕಣ್ಣು ಐತಲ್ಲ, ಡಬ್ಬಿ ಮೇಲೆ ಬರ್ದೈತಂತೆ, ನೋಡ್ಕ.”

ಯಂತ್ರದ ಡಬ್ಬಿಯ ಮೇಲಿನ ಚೀಟಿಯನ್ನು ಮೂರು ಬೆರಳಿನ ವಿಭೂತಿ ಮುಚ್ಚಿತ್ತು. ಶಕುಂತಲಾ ಕೈಮುಗಿದು, ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದಳು. ಮಾಸಿದ ಅಕ್ಷರಗಳನ್ನು ಬಿ ಇರಬೇಕು, ಅಲ್ಲ ಎಂಟು ಇರಬೇಕು ಎಂದು ಊಹಿಸುತ್ತ ಕುಟ್ಟಿದೆವು. ಎಲ್ಲ ಮುಗಿದು ಹಸಿರು ದಿಣ್ಣೆ ಕಂಡಾಗ ನಾನು ಶಕುಂತಲಾಳನ್ನು ತಬ್ಬಿಕೊಂಡೆ. ಪೆನ್‌ಡ್ರೈವ್ ಕಿತ್ತೆ. ಯಂತ್ರ ಮತ್ತೆ ಏಳಲೇ ಇಲ್ಲ.

ಆದದ್ದು ಇಷ್ಟು. ಪೆನ್‌ಡ್ರೈವ್ ಮುಂದೆಯೇ ಕೂತಿದ್ದರಿಂದ ಯಂತ್ರ ಅದನ್ನೇ ತನ್ನ ಮೊದಲ ಡಿಸ್ಕು ಎಂದು ತಿಳಿದು, ಏಳುವ ದಾರಿಯನ್ನು ಅದರಲ್ಲೇ ಬರೆದುಕೊಂಡಿತ್ತು. ಪರದೆಯ ಪಟ್ಟಿಯಲ್ಲಿ ಯಾವ ಡಿಸ್ಕಿಗೆ ಯಾವ ಅಕ್ಷರದ ಹೆಸರು ಎಂದು ನಾನು ನೋಡಬೇಕಿತ್ತು. ನೋಡಿರಲಿಲ್ಲ. ನೆಲದ ಮೇಲೆ ಕೂತುಬಿಟ್ಟೆ. ಅಳು ಬರುವಂತಾಗಿತ್ತು.

“ನಿನ್ ಕೈಲಿ ಆಗಲ್ಲ ಬಿಡು” ಎಂದಳು ಅನ್ನಪೂರ್ಣಕ್ಕ. ಎಷ್ಟೋ ದಿನಗಳ ಮೇಲೆ ಕೆಣಕಿದ್ದಳು. “ಹೋಗು, ಮಂಡಕ್ಕಿಗೆ ಒಗ್ಗರಣೆ ಹಾಕ್ಕಂಡಿರು. ಅದೂ ಸೀಯಸ್ತೀಯ.”

ನನಗೆ ನೆತ್ತಿಗೇರಿತು. “ಸುಮ್ಮನೆ ಕೂತ್ಕೋ! ನಿನ್ನ ಹಾಳು ಯಜಮಾನನ ಸಲುವಾಗಿ ಬಸ್ಸಲ್ಲಿ ಬೆಂದು ಹೋಗಿದೀನಿ ನಾನು. ಇನ್ನೊಂದು ಮಾತಾಡಿದ್ರೆ ಈ ಡಬ್ಬಿ ನಿನ್ನ ತಲೆ ಮೇಲೆ ಹಾಕ್ತೀನಿ!” ಎಂದು ಕೂಗಿ, ಎದ್ದು, ಮತ್ತೆ ಬುಡದಿಂದ ಶುರುಮಾಡಿದೆ. ಈ ಸಲ ಪ್ರತಿ ಸಾಲು ಓದಿದೆ. ಎರಡು ಡಿಸ್ಕುಗಳ ಹೆಸರು ಸರಿಯಾಗಿದೆಯೇ ಎಂದು ನೋಡಿಯೇ ಮುಂದಕ್ಕೆ ಬಿಟ್ಟೆ. ಪೆನ್‌ಡ್ರೈವ್ ಕಿತ್ತ ಮೇಲೂ ದಿಣ್ಣೆ ನಿಂತಿತು. ಬೆನ್ನಲ್ಲಿದ್ದ ಬೀಗ ಒಪ್ಪಿತು. ಅನ್ನಪೂರ್ಣಕ್ಕ ಕುರ್ಚಿಗೆ ಬಂದು, ಕೀಲಿಮಣೆಯನ್ನು ಅಂಗೈಯಲ್ಲಿ ಒಮ್ಮೆ ಸವರಿ, ತನ್ನ ಪುಸ್ತಕ ತೆರೆದಳು.

“ಸಾರಥಿಯ ಹೆಂಗಸು ಪೂರ್ಣವಿರಾಮ” ಎಂದರು ಯಜಮಾನರು, ಮೂಗಿನಲ್ಲಿ.

ಅವಳು ಒಂದು ಕೈಯನ್ನು ಬಾಯಿಗೆ ಒತ್ತಿ ಹಿಡಿದುಕೊಂಡು ಅಲ್ಲಾಡದೆ ಕೇಳಿದಳು. ಶಕುಂತಲಾ ಕಣ್ಣೊರೆಸಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಅನ್ನಪೂರ್ಣಕ್ಕ, “ಎಲ್ರೂ ಹೊರಗೆ ಹೋಗ್ರಿ. ಬಾಗ್ಲು ಎಳ್ಕಂಡು ಹೋಗ್ರಿ” ಎಂದಳು. ಒಂದು ಥ್ಯಾಂಕ್ಸ್ ಇಲ್ಲ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಬೈದುಕೊಳ್ಳುತ್ತ ಬಂದೆ.

ಇದೆಲ್ಲ ಹೋದ ವರ್ಷದ ಮಾತು. ಇವತ್ತು ಆ ನೀಲಿ ಚೌಕ ಕಂಡ ಮೇಲೆ ಮನೆಯಲ್ಲಿ ಕೂರಲಾಗದೆ ಮಧ್ಯಾಹ್ನ ಹರಿಹರಕ್ಕೆ ಹೋದೆ. ಸಮಿತಿಯವರನ್ನು, ಅಂಗಡಿಯವರನ್ನು, ಗುಂಡಿ ಮಾಡಿದವರನ್ನು ಒಟ್ಟಿಗೇ ಬೈದೆ. ಅನ್ನಪೂರ್ಣಕ್ಕ ಪೂರ್ತಿ ಕೇಳಿಸಿಕೊಂಡು, ಪುಸ್ತಕ ಮುಗಿಯಿತು, ಕೊನೆಯ ಪುಟ ಕೇಳು ಎಂದಳು. ಕಾರ್ಖಾನೆಯ ಯಾರದೋ ದನಿ ಇರಬೇಕೆಂದು ಕುರ್ಚಿ ಎಳೆದುಕೊಂಡು ಕೂತೆ. ಯಜಮಾನರು ಓದತೊಡಗಿದರು, ಅವರ ಪೂರ್ಣವಿರಾಮಗಳನ್ನು ಬಿಟ್ಟು ಬರೆಯುತ್ತೇನೆ:

“ಟೀಚರಮ್ಮನ ದನಿ. ದೊಡ್ಡದು. ಬೇಸಿಗೆಯಲ್ಲಿ ಇನ್ನೂ ದೊಡ್ಡದು. ನನ್ನ ಹತ್ತಿರ ಮಾತಾಡುವಾಗ ಎಲ್ಲರೂ ದನಿ ಮೆತ್ತಗೆ ಮಾಡುತ್ತಾರೆ, ಕಾಯಿಲೆಯವರ ಹತ್ತಿರ ಮಾತಾಡಿದ ಹಾಗೆ. ಟೀಚರಮ್ಮನೂ ಮಾಡುತ್ತಾಳೆ. ಸಿಟ್ಟು ಬಂದಾಗ ಮಾತ್ರ ನಾನು ಕುರುಡಿ ಎಂಬುದು ಅವಳಿಗೆ ಮರೆತು ಹೋಗುತ್ತದೆ. ಆಗ ನನ್ನನ್ನು ಸರಿಯಾಗಿ ಬೈಯುತ್ತಾಳೆ. ಅದಕ್ಕೇ ನಾನು ಅವಳಿಗೆ ಸಿಟ್ಟು ಬರಿಸುತ್ತಿರುತ್ತೇನೆ.”

ಯಂತ್ರ ಸುಮ್ಮನಾಯಿತು. ಅನ್ನಪೂರ್ಣಕ್ಕ ನನ್ನ ಕಡೆಗೆ ಕಿವಿ ತಿರುಗಿಸಿ, “ಹೆಂಗೈತೆ?” ಎಂದಳು.

ಆ ಕ್ಷಣದಲ್ಲಿ ಬಾಯಿ ಬಿಟ್ಟಿದ್ದರೆ ದನಿ ಮೆತ್ತಗೇ ಬರುತ್ತಿತ್ತು. ತಡೆದುಕೊಂಡೆ. ಎದ್ದು ನಿಂತು, ಎದೆಯ ತುಂಬ ಉಸಿರೆಳೆದುಕೊಂಡು, “ಬೇಸಿಗೇಲಿ ದೊಡ್ಡದಂತೆ! ಯಾವ ಕಿವೀಲಿ ಕೇಳಿದ್ದೇ ನೀನು? ಅಳಿಸು ಅದನ್ನ ಮೊದಲು!” ಎಂದು ಬೀದಿಗೆ ಕೇಳುವಂತೆ ಕೂಗಿದೆ. ಶಕುಂತಲಾ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿಬಂದಳು.

“ಅಳಿಸಲ್ಲ, ಏನ್ ಮಾಡ್ತೀಯೋ ಮಾಡು” ಎಂದಳು ಅನ್ನಪೂರ್ಣಕ್ಕ, ಮುಖವೆಲ್ಲ ನಗು ಮಾಡಿಕೊಂಡು.